ಸ್ಯಾನ್ ಸ್ಟಾರ್ಮ್ ಬಾಗಿಲಿಗೆ ರಿಮೋಟ್ ಕೂರಿಸಿದ ಕಥೆ

ಸ್ಯಾನ್ ಸ್ಟಾರ್ಮ್ ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ ಕಾರು. ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್, ಬಟ್ಟೆಯ ಚಾವಣಿ, ಮೈಯೆಲ್ಲ ಫೈಬರ್‌ಗ್ಲಾಸ್. 60ರ ಆಸುಪಾಸಿನ ಅಶ್ವಶಕ್ತಿ ಇಟ್ಟುಕೊಂಡು ಇದಕ್ಕೆ ಸ್ಪೋರ್ಟ್ಸ್ ಕಾರು ಎಂಬ ಹೆಸರು ಬೇರೆ ಕೇಡು ಎಂದು ನಗುವವರಿದ್ದಾರೆ. ಚಾವಣಿ ಮಡಚಿ ಸುರತ್ಕಲ್ಲಿನಿಂದ ಪಡುಬಿದ್ರಿಯವರೆಗೆ ಬೆಳಗಿನ ಹೊತ್ತು ಒಮ್ಮೆ ಕರೆದುಕೊಂಡು ಹೋದರೆ ಅವರೇ ಇನ್ನೊಂದು ಸುತ್ತು ಕೇಳುತ್ತಾರೆ. ಮೈಗೆ ತುಕ್ಕು ಹಿಡಿಯದ ಕಾರಣ ಕರಾವಳಿಯಲ್ಲಿ ಇಟ್ಟುಕೊಳ್ಳಲು ಯೋಗ್ಯವಾದ ಹಳೆಯ ಕಾರು ಇದು. ಆದರೆ ಆ ಮೈಗೆ ಅಂಟಿಕೊಂಡ ಲೋಹಕ್ಕೆ ಉಪ್ಪುಗಾಳಿಯಿಂದ ಯಾವ ರಿಯಾಯಿತಿಯೂ ಇಲ್ಲ.

ನನ್ನ ಕಾರಿನ ಹೊರಗಿನ ಹ್ಯಾಂಡಲ್‌ಗಳು ಮೂಲದವಲ್ಲ. ಹಿಂದಿನ ಯಜಮಾನರು ಯಾವುದೋ ಹಳೆಯ ಕಾರಿನ ಹ್ಯಾಂಡಲ್ ಮತ್ತು ಡೋರ್ ಲಾಕ್‌ಗಳನ್ನು ತಂದು ಹೊಂದಿಸಿದ್ದರು. ಬಲಬದಿಯ, ಎಂದರೆ ಚಾಲಕನ ಬದಿಯ ಹ್ಯಾಂಡಲ್‌ನ ಹಿಂದಿರುವ ಸತುವಿನ ಎರಕದ ತೋಳು ಒಳಗಿನಿಂದಲೇ ಪುಡಿಪುಡಿಯಾಗಿ ಒಂದು ದಿನ ಕೈಗೆ ಬಂತು. ಅಂಥ ಎರಕಕ್ಕೆ ವೆಲ್ಡಿಂಗ್ ಹಿಡಿಯುವುದಿಲ್ಲ. ಅಂಟು ಹಾಕಿದರೆ ಎಳೆತಕ್ಕೆ ನಿಲ್ಲುವುದಿಲ್ಲ. ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಸಾಲಿನಲ್ಲೂ ಗುಜರಿ ಅಂಗಡಿಗಳಲ್ಲೂ ಅದೇ ಅಳತೆಯ ಹ್ಯಾಂಡಲ್ ಸಿಗಲಿಲ್ಲ. ಬೇರೆ ಹ್ಯಾಂಡಲ್ ಕೂರಿಸಬೇಕೆಂದರೆ ಬಾಗಿಲನ್ನೇ ಕೊಯ್ಯಬೇಕು. ಒಳಗಿನ ಲಾಕ್ ಮಾತ್ರ ಗಟ್ಟಿಯಾಗಿತ್ತು. ಹಾಗಿದ್ದರೆ ಹ್ಯಾಂಡಲ್ ಮಾಡಬೇಕಾದ ಎಳೆತವನ್ನು ವಿದ್ಯುತ್ತಿನಿಂದಲೇ ಮಾಡಿಸೋಣ ಎಂದು ಹೊರಟೆ.

ಇದೇನು ಹೊಸ ಹುಚ್ಚಲ್ಲ. ಅಮೆರಿಕದ ಮೊದಲ ಕಾರ್ವೆಟ್ 1953ರಲ್ಲಿ ಬಂದಾಗ ಅದಕ್ಕೂ ಫೈಬರ್‌ಗ್ಲಾಸ್ ಮೈ ಇತ್ತು, ಹೊರಗಡೆ ಹ್ಯಾಂಡಲ್ ಇರಲೇ ಇಲ್ಲ. ಕೈ ಒಳಗೆ ಹಾಕಿ ತೆರೆಯಬೇಕಿತ್ತು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ತಯಾರಾದ ಟಿವಿಆರ್ ಸೆರ್ಬೆರಾದಲ್ಲಿ ಬಾಗಿಲಿನ ಬಟನ್ ಪಕ್ಕದ ಕನ್ನಡಿಯ ಕೆಳಗೆ ಅಡಗಿತ್ತು. ಹ್ಯಾಂಡಲ್ ಕಿತ್ತು ಬಾಗಿಲನ್ನು ನುಣ್ಣಗೆ ಮಾಡಿ ರಿಮೋಟ್ ಹಾಕುವುದು ಅಮೆರಿಕದ ಹಳೆಯ ಕಾರುಗಳ ಗೀಳಿನವರಲ್ಲಿ ದೊಡ್ಡ ಪರಂಪರೆ. ನಾನು ಅಲ್ಲಿಯವರೆಗೆ ಹೋಗಲಿಲ್ಲ. ಮುರಿದ ಹ್ಯಾಂಡಲ್‌ನ ಹೊರಭಾಗ ಇದ್ದಲ್ಲೇ ಇದೆ, ಎಡಬಾಗಿಲಿನ ಹ್ಯಾಂಡಲ್ ಮತ್ತು ಕೀಲಿ ಮೊದಲಿನಂತೆಯೇ ಕೆಲಸ ಮಾಡುತ್ತವೆ. ಅಪಘಾತವಾದರೆ ಹೊರಗಿನಿಂದ ಬಾಗಿಲು ತೆರೆಯಲು ಬರುವವರ ಕೈಯಲ್ಲಿ ನನ್ನ ರಿಮೋಟ್ ಇರುವುದಿಲ್ಲ. ಜೊತೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ನಾಳೆ ಬೇಡವೆನಿಸಿದರೆ ಸ್ಕ್ರೂ ಬಿಚ್ಚಿ ತೆಗೆಯುವಂತಿರಬೇಕು, ಬಾಗಿಲಿನ ಆಕಾರಕ್ಕೆ ಕೈ ಹಾಕಬಾರದು ಎಂಬುದನ್ನು ಮೊದಲೇ ನಿರ್ಧರಿಸಿದ್ದೆ.

ಎಷ್ಟು ಬಲ ಬೇಕು?

ಕಾರಿನ ಅಲಂಕಾರದ ಅಂಗಡಿಗೆ ಹೋಗಿ ‘ರಿಮೋಟ್‌ನಲ್ಲಿ ಬಾಗಿಲು ತೆರೆಯಬೇಕು’ ಎಂದರೆ ಕೈಗೆ ಕೊಡುವುದು ಸೆಂಟ್ರಲ್ ಲಾಕಿಂಗ್ ಮೋಟಾರು. ಅದು ಬೀಗವನ್ನು ಬಿಡಿಸುತ್ತದೆಯೇ ಹೊರತು ಕೊಂಡಿಯನ್ನಲ್ಲ. ಬೀಗ ಬಿಟ್ಟ ಮೇಲೆ ಹ್ಯಾಂಡಲ್ ಎಳೆಯುವ ಕೆಲಸ ನಿಮ್ಮದೇ. ನನಗೆ ಬೇಕಾಗಿದ್ದದ್ದು ಆ ಎರಡನೆಯ ಕೆಲಸ.

ಡೋರ್ ಲಾಕ್ ಬಿಚ್ಚಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಬಾಗಿಲ ಚೌಕಟ್ಟಿನ ಕಂಬದ ಮೇಲಿರುವ ಉಕ್ಕಿನ ಗೂಟವನ್ನು ಲಾಕ್‌ನ ಕವಲು ಕಚ್ಚಿಕೊಳ್ಳುತ್ತದೆ, ಆ ಕವಲು ಹಿಂದೆ ತಿರುಗದಂತೆ ಒಂದು ಹಲ್ಲು ತಡೆದು ನಿಲ್ಲುತ್ತದೆ. ಬಾಗಿಲು ತೆರೆಯುವುದೆಂದರೆ ಆ ಹಲ್ಲನ್ನು ಪಕ್ಕಕ್ಕೆ ಎಳೆಯುವುದು. ಬಾಗಿಲು ಮುಚ್ಚಿದಾಗ ರಬ್ಬರ್ ಬೀಡಿಂಗ್ ಅದುಮಿಕೊಂಡು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ, ಆ ತಳ್ಳುವಿಕೆ ಪೂರ್ತಿ ಹಲ್ಲಿನ ಮೇಲೆ ಬೀಳುತ್ತದೆ. ಬೀಡಿಂಗ್ ಹೊಸದಾದಷ್ಟೂ ಹಲ್ಲನ್ನು ಎಳೆಯುವುದು ಕಷ್ಟ.

ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಲಾಕ್‌ನ ಸನ್ನೆಗೆ (ಹಲ್ಲನ್ನು ಸರಿಸುವ ಪುಟ್ಟ ಲಿವರ್) ಸಿಕ್ಕಿಸಿ ಅಳೆದೆ. ಬಾಗಿಲನ್ನು ಹೊರಗಿನಿಂದ ಅಂಗೈಯಲ್ಲಿ ಒತ್ತಿ ಹಿಡಿದರೆ ಮೂರು ಕಿಲೋ ಎಳೆತಕ್ಕೆ ಬಿಡುತ್ತದೆ. ಒತ್ತದೆ ಬಿಟ್ಟರೆ ಆರೂವರೆ ಕಿಲೋ. ಹೊಸ ಬೀಡಿಂಗ್ ತುಂಡೊಂದನ್ನು ನಡುವೆ ಇಟ್ಟು ನೋಡಿದಾಗ ಎಂಟು ದಾಟಿತು. ಸನ್ನೆ ಚಲಿಸಬೇಕಾದ ದೂರ ಒಂಬತ್ತು ಮಿಲಿಮೀಟರ್. ಈ ಅಳತೆ ಕೈಯಲ್ಲಿಲ್ಲದೆ ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ಉಕ್ಕಿನ ದಂಡವನ್ನು ಒಳಗೆಳೆಯುವ ತಂತಿಸುರುಳಿ) ಖರೀದಿಸಬೇಡಿ ಎಂದು ಯಾರಿಗಾದರೂ ಹೇಳುತ್ತೇನೆ. ಅಲ್ಲಿ ಬೇಕಾದದ್ದು ಇದೊಂದೇ ಲೆಕ್ಕ.

ಮಾರುಕಟ್ಟೆಯಲ್ಲಿ ಈ ಕೆಲಸದ ಸೊಲೆನಾಯ್ಡ್‌ಗಳ ಬಲವನ್ನು ಪೌಂಡ್‌ಗಳಲ್ಲಿ ಬರೆದಿರುತ್ತಾರೆ. ನಾನು ತರಿಸಿದ್ದು 35 ಪೌಂಡಿನದು, ಸುಮಾರು 16 ಕಿಲೋ. ಬೇಕಾದದ್ದರ ಇಮ್ಮಡಿ ಇದೆಯಲ್ಲ ಎಂದು ಸಮಾಧಾನ ಪಡುವಂತಿಲ್ಲ. ಸೊಲೆನಾಯ್ಡ್‌ನ ಒಳಗಿನ ಉಕ್ಕಿನ ದಂಡ ಸುರುಳಿಯಿಂದ ಹೊರಗೆ ಚಾಚಿಕೊಂಡಿದ್ದಾಗ ಎಳೆತ ತೀರಾ ಕಡಿಮೆ. ಒಳಗೆ ಸರಿದು ಕೊನೆ ಮುಟ್ಟುವ ಹೊತ್ತಿಗೆ ಮಾತ್ರ ಪೂರ್ತಿ ಬಲ ಬರುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆ ಆ ಕೊನೆಯ ಸ್ಥಿತಿಯದು.

ಆದ್ದರಿಂದ ದಂಡಕ್ಕೂ ಲಾಕ್‌ನ ಸನ್ನೆಗೂ ಗಟ್ಟಿ ಸರಳು ಹಾಕದೆ ಬೈಕಿನ ಬ್ರೇಕ್ ಕೇಬಲ್‌ನ ಒಳತಂತಿಯನ್ನು ಹಾಕಿದೆ. ದಂಡದ ಒಟ್ಟು ಓಟ 25 ಮಿ.ಮೀ. ಮೊದಲ ಹನ್ನೆರಡು ಮಿಲಿಮೀಟರ್ ತಂತಿ ಸಡಿಲವಾಗಿಯೇ ಇರುತ್ತದೆ. ದಂಡ ಬರಿದೇ ಓಡಿ ವೇಗ ಪಡೆದುಕೊಂಡು, ಬಲ ಹೆಚ್ಚಿರುವ ಭಾಗಕ್ಕೆ ಬಂದಾಗ ತಂತಿ ಬಿಗಿಯಾಗಿ ಸನ್ನೆಯನ್ನು ಜಗ್ಗುತ್ತದೆ. ಸಡಿಲು ಇರುವುದರಿಂದ ಇನ್ನೊಂದು ಲಾಭವೂ ಉಂಟು: ಒಳಗಿನ ಹ್ಯಾಂಡಲ್ ಎಳೆದಾಗ ತಂತಿ ಸುಮ್ಮನೆ ಬಾಗುತ್ತದೆ, ಸೊಲೆನಾಯ್ಡ್ ಅದರ ದಾರಿಗೆ ಅಡ್ಡ ಬರುವುದಿಲ್ಲ. ಕರೆಂಟ್ ಏನೇ ಆಗಲಿ, ಒಳಗಿನಿಂದ ಬಾಗಿಲು ಕೈಯಿಂದಲೇ ತೆರೆಯುತ್ತದೆ. ಈ ಒಂದು ಷರತ್ತಿನಲ್ಲಿ ರಾಜಿ ಇಲ್ಲ.

ತಂತಿಯನ್ನು ಕಟ್ಟಿದ್ದು ಹಲ್ಲನ್ನು ನೇರವಾಗಿ ಸರಿಸುವ ಸನ್ನೆಗೆ, ಹೊರ ಹ್ಯಾಂಡಲ್‌ನ ಸನ್ನೆಗಲ್ಲ. ಹೊರ ಹ್ಯಾಂಡಲ್‌ನ ಸನ್ನೆಗೆ ಕಟ್ಟಿದರೆ ಬೀಗ ಹಾಕಿದಾಗ ಅದು ಹಲ್ಲಿನಿಂದ ಕಳಚಿಕೊಳ್ಳುತ್ತದೆ, ಸೊಲೆನಾಯ್ಡ್ ಎಷ್ಟು ಜಗ್ಗಿದರೂ ಬಾಗಿಲು ಅಲುಗುವುದಿಲ್ಲ. ನೇರವಾಗಿ ಕಟ್ಟಿದ್ದರಿಂದ ಬೀಗ ಹಾಕಿದ ಬಾಗಿಲೂ ರಿಮೋಟ್‌ಗೆ ತೆರೆಯುತ್ತದೆ.

ಬೊಕ್ಕಪಟ್ಣ, ಬೆಂಗ್ರೆ, ಬೈಕಂಪಾಡಿ

ಸೊಲೆನಾಯ್ಡ್ ಕೂರಿಸುವ ಜಾಗವೇ ಫೈಬರ್ ಕಾರಿನ ದೊಡ್ಡ ತಲೆನೋವು. ಬಾಗಿಲಿನ ಒಳತಗಡು ಮೂರು ಮಿಲಿಮೀಟರ್ ಫೈಬರ್. ಅದಕ್ಕೆ ಸ್ಕ್ರೂ ಹೊಡೆದು ಸೊಲೆನಾಯ್ಡ್ ಬಿಗಿದು ಕರೆಂಟ್ ಕೊಟ್ಟರೆ, ಜಗ್ಗಿದಾಗ ತಗಡೇ ಬಾಗಿ ಅರ್ಧ ಎಳೆತವನ್ನು ತಾನೇ ನುಂಗುತ್ತದೆ. ಸನ್ನೆ ಅಲ್ಲಾಡುವುದಿಲ್ಲ, ಫೈಬರ್‌ನಲ್ಲಿ ಮಾತ್ರ ಸ್ಕ್ರೂ ಸುತ್ತ ಬಿರುಕು ಏಳುತ್ತದೆ. ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಎರಡು ಮಿಲಿಮೀಟರ್ ಸ್ಟೇನ್‌ಲೆಸ್ ತಗಡಿನಿಂದ ಇಂಗ್ಲಿಷಿನ ಎಲ್ ಆಕಾರದ ಪಟ್ಟಿ ಮಾಡಿಸಿದೆ. ಅದರ ಒಂದು ತುದಿ ಡೋರ್ ಲಾಕ್‌ನ ಬೋಲ್ಟ್‌ಗಳಿಗೇ ಸೇರುತ್ತದೆ, ಇನ್ನೊಂದು ತುದಿಯಲ್ಲಿ ಸೊಲೆನಾಯ್ಡ್. ಜಗ್ಗುವವನೂ ಜಗ್ಗಿಸಿಕೊಳ್ಳುವವನೂ ಒಂದೇ ಲೋಹದ ಮೇಲೆ ಕುಳಿತರೆ ಫೈಬರ್‌ಗೆ ಹೊರುವ ಕೆಲಸವೇ ಉಳಿಯುವುದಿಲ್ಲ. ಅಲ್ಯೂಮಿನಿಯಂ ಪಟ್ಟಿ ಸಾಕಲ್ಲವೇ ಎಂದು ಶೆಡ್ಡಿನವರು ಕೇಳಿದರು. ಸ್ಟೇನ್‌ಲೆಸ್ ಬೋಲ್ಟ್, ಅಲ್ಯೂಮಿನಿಯಂ ಪಟ್ಟಿ, ನಡುವೆ ಉಪ್ಪುನೀರಿನ ಪಸೆ ಎಂದರೆ ಅಲ್ಲೇ ಒಂದು ಸಣ್ಣ ಬ್ಯಾಟರಿ ತಯಾರಾದಂತೆ. ಬೋಲ್ಟ್ ಹೊಳೆಯುತ್ತಲೇ ಇರುತ್ತದೆ, ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ.

ಪಟ್ಟಿ ಬಿಗಿದ ಮೇಲೆ ಬಾಗಿಲಿನ ಗಾಜನ್ನು ಪೂರ್ತಿ ಕೆಳಗಿಳಿಸಿ ನೋಡಬೇಕು. ಬಲಬದಿಯಲ್ಲಿ ಗಾಜಿಗೂ ಸೊಲೆನಾಯ್ಡ್‌ಗೂ ನಡುವೆ ಉಳಿದದ್ದು ಬೆರಳಗಲ. ಎಡಬದಿಯಲ್ಲಿ ಅಷ್ಟೂ ಇಲ್ಲದೆ ಪಟ್ಟಿಯ ತುದಿಯನ್ನು ಉಜ್ಜಿ ಕಡಿಮೆ ಮಾಡಿಸಿದೆ. ಎರಡು ಬಾಗಿಲುಗಳೂ ಒಂದೇ ಅಚ್ಚಿನಿಂದ ಬಂದಂತಿಲ್ಲ. ಕೈಕೆಲಸದ ಕಾರಿನಲ್ಲಿ ಇದು ಮಾಮೂಲು.

ಕೊಂಡಿ ಬಿಟ್ಟರೆ ಸಾಲದು, ಬಾಗಿಲು ಹೊರಗೆ ಬರಬೇಕು. ಹ್ಯಾಂಡಲ್ ಇದ್ದರೆ ಕೈ ಅದನ್ನು ಎಳೆಯುವಾಗಲೇ ಬಾಗಿಲೂ ಬರುತ್ತದೆ. ಇಲ್ಲಿ ಮುರಿದ ಹ್ಯಾಂಡಲನ್ನು ಹಿಡಿದು ಎಳೆಯುವಂತಿಲ್ಲ. ಬೀಡಿಂಗ್ ಹಳೆಯದಾದರೆ ಕೊಂಡಿ ಬಿಟ್ಟ ಬಾಗಿಲು ಅಲ್ಲೇ ಕುಳಿತಿರುತ್ತದೆ, ಸೊಲೆನಾಯ್ಡ್ ಬಿಟ್ಟ ಕ್ಷಣ ಹಲ್ಲು ಮತ್ತೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಬಾಗಿಲ ಕಂಬದಲ್ಲಿ ಸ್ಪ್ರಿಂಗ್ ಇರುವ ತಳ್ಳುಗೂಟ ಬೇಕು. ರಬ್ಬರ್ ಟೋಪಿಯ ಆ ಗೂಟ ಬಾಗಿಲನ್ನು ಎರಡು ಸೆಂಟಿಮೀಟರ್ ಹೊರಕ್ಕೆ ತಳ್ಳಿದರೆ ಬೆರಳು ಹಾಕಬಹುದು. ಅದಕ್ಕಾಗಿ ಕಂಬದಲ್ಲಿ 25 ಮಿ.ಮೀ. ತೂತು.

ಫೈಬರ್ ಕೊರೆಯುವ ಕೆಲಸಕ್ಕೆ ಕಾರಿನ ಗ್ಯಾರೇಜಿಗಿಂತ ದೋಣಿ ದುರಸ್ತಿಯವರು ಮೇಲು. ಮಂಗಳೂರಿನಲ್ಲಿ ಬೆಂಗ್ರೆ, ಬೊಕ್ಕಪಟ್ಣದ ಕಡೆ, ಉಡುಪಿಯಲ್ಲಿ ಮಲ್ಪೆಯ ಬಂದರಿನಲ್ಲಿ ಫೈಬರ್ ದೋಣಿಗಳ ಕೆಲಸ ಗೊತ್ತಿರುವ ಕೈಗಳಿವೆ. ಹೋಗುವುದಾದರೆ ಮೇ ತಿಂಗಳ ಒಳಗೆ ಹೋಗಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ದಡ ಸೇರಿದ ದೋಣಿಗಳ ದುರಸ್ತಿಯ ನಡುವೆ ಕಾರಿನ ಬಾಗಿಲು ನೋಡಲು ಯಾರಿಗೆ ಪುರುಸೊತ್ತು? ಮೇಲಾಗಿ ಮಳೆಗಾಲದ ತೇವದಲ್ಲಿ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ.

ಬೆಂಗ್ರೆಯ ಫೈಬರ್ ಕೆಲಸದವರು ತೂತು ಹಾಕುವ ಜಾಗಕ್ಕೆ ಮೊದಲು ಕಾಗದದ ಟೇಪ್ ಅಂಟಿಸಿದರು, ಡ್ರಿಲ್ಲನ್ನು ಉಲ್ಟಾ ತಿರುಗಿಸಿ ಫೈಬರ್‌ನ ಮೇಲಿನ ನುಣುಪು ರೆಸಿನ್ ಪದರವಾದ ಜೆಲ್‌ಕೋಟನ್ನು ಸವೆಸಿದರು, ಆಮೇಲೆ ಸರಿಯಾದ ದಿಕ್ಕಿಗೆ ತಿರುಗಿಸಿ ಕೊರೆದರು. ನೇರವಾಗಿ ಕೊರೆಯಲು ಹೋದರೆ ಜೆಲ್‌ಕೋಟ್ ಚಕ್ಕೆಯಾಗಿ ಹಾರುತ್ತದೆ. “ಅಣ್ಣಾ, ತೂತು ಹಾಕುವುದು ಕೆಲಸವಲ್ಲ, ಆ ತೂತಿನ ಅಂಚು ಮುಚ್ಚುವುದು ಕೆಲಸ” ಎಂದು ಹೇಳುತ್ತಲೇ ಕೊರೆದ ಅಂಚಿಗೆ ಬ್ರಷ್ಷಿನಲ್ಲಿ ರೆಸಿನ್ ಬಳಿದರು. ಬರಿಯ ಅಂಚಿನಲ್ಲಿ ತೆರೆದುಕೊಂಡ ಗಾಜಿನ ಎಳೆಗಳು ನೀರನ್ನು ಒಳಕ್ಕೆ ಹೀರುತ್ತವೆ, ಕ್ರಮೇಣ ಪದರಗಳು ಬಿಡುತ್ತವೆ. ತೂತಿನ ಹಿಂದೆ ಎರಡು ಪದರ ಗಾಜಿನೆಳೆಯ ಮ್ಯಾಟ್ ಹಾಕಿ ದಪ್ಪ ಮಾಡಿ, ಸ್ಪ್ರಿಂಗ್‌ನ ಒತ್ತಡ ಹಂಚಿಹೋಗುವಂತೆ ಅಂಗೈ ಅರ್ಧದಷ್ಟು ಸ್ಟೇನ್‌ಲೆಸ್ ತಗಡನ್ನು ಕೂರಿಸಿದರು. ಉಜ್ಜುವಾಗ ಮುಖಕ್ಕೆ ಮಾಸ್ಕ್, ಮೈತುಂಬಾ ಬಟ್ಟೆ ಕಡ್ಡಾಯ. ಗಾಜಿನ ಧೂಳು ಚರ್ಮಕ್ಕೆ ಹತ್ತಿದರೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ವೈರಿನ ಲೆಕ್ಕ

ನನ್ನ ಸೊಲೆನಾಯ್ಡ್‌ನ ಸುರುಳಿಯ ರೋಧ (ಕರೆಂಟಿಗೆ ಒಡ್ಡುವ ತಡೆ) ಅರ್ಧ ಓಮ್. 12 ವೋಲ್ಟ್‌ಗೆ 24 ಆಂಪಿಯರ್. ಕ್ಷಣಮಾತ್ರ ಹರಿದರೂ ಅದು ಹೆಡ್‌ಲೈಟಿನ ವೈರಿಗೆ ಹೊರುವ ಭಾರವಲ್ಲ.

ಉಕ್ಕಿನ ಕಾರಿನಲ್ಲಿ ಪಾಸಿಟಿವ್ ವೈರ್ ಒಂದನ್ನು ಎಳೆದು ಸೊಲೆನಾಯ್ಡ್‌ನ ಇನ್ನೊಂದು ತುದಿಯನ್ನು ಮೈಗೆ ಬಿಗಿದರೆ ಅರ್ತ್, ಎಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ, ಆಯಿತು. ಫೈಬರ್ ಕಾರಿನ ಬಾಗಿಲಲ್ಲಿ ಅರ್ತ್ ಎಂಬುದೇ ಇಲ್ಲ. ಬ್ಯಾಟರಿಯ ನೆಗೆಟಿವ್‌ನಿಂದಲೂ ಅಷ್ಟೇ ದಪ್ಪದ ವೈರ್ ಬಾಗಿಲಿನವರೆಗೆ ಬರಬೇಕು. ಬಲಬಾಗಿಲಿಗೆ ಹೋಗಿ ಬರುವ ಒಟ್ಟು ದಾರಿ ಆರು ಮೀಟರ್. ಒಂದು ಚದರ ಮಿ.ಮೀ. ತಾಮ್ರದ ವೈರಿಗೆ ಮೀಟರಿಗೆ ಸುಮಾರು 17 ಮಿಲಿಓಮ್ ರೋಧ. ಆರು ಮೀಟರಿಗೆ 24 ಆಂಪಿಯರ್ ಹರಿದರೆ ಎರಡೂವರೆ ವೋಲ್ಟ್ ವೈರಿನಲ್ಲೇ ಕರಗುತ್ತದೆ. ಸೊಲೆನಾಯ್ಡ್‌ನ ಬಲ ಸರಿಸುಮಾರು ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ವೋಲ್ಟೇಜ್ ಐದರಲ್ಲಿ ಒಂದು ಪಾಲು ಕುಸಿದರೆ ಬಲದಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಹೋಯಿತು. ನಾಲ್ಕು ಚದರ ಮಿ.ಮೀ. ವೈರಿನಲ್ಲಿ ನಷ್ಟ ಅರ್ಧ ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಅದನ್ನೇ ಹಾಕಿದೆ. ಇದರ ಮೇಲೆ ಬಿಸಿಲಿನ ಪಾಲೂ ಇದೆ: ತಾಮ್ರದ ರೋಧ ಹತ್ತು ಡಿಗ್ರಿಗೆ ಶೇ 4ರಷ್ಟು ಏರುತ್ತದೆ. ಏಪ್ರಿಲ್‌ನಲ್ಲಿ ಪಣಂಬೂರು ಕಡಲತೀರದ ಬಯಲಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲೊಳಗೆ ಸುರುಳಿ ಕಾದಿರುತ್ತದೆ, ಬಲ ಇನ್ನಷ್ಟು ಇಳಿಯುತ್ತದೆ. ಲೆಕ್ಕವನ್ನು ಬೆಳಗಿನ ತಂಪಿನಲ್ಲಿ ಮಾಡಿದರೂ ಮಧ್ಯಾಹ್ನದ ಎರಡು ಗಂಟೆಗೆ ಒಪ್ಪುವಂತೆ ಮಾಡಬೇಕು.

ಮನೆ ವೈರಿಂಗ್‌ಗೆ ಬಳಸುವ ವೈರ್ ಇಲ್ಲಿ ಬೇಡ. ಅದರ ಎಳೆಗಳು ದಪ್ಪ. ಬಾಗಿಲು ತೆರೆದು ಮುಚ್ಚುವಾಗ ಹಿಂಜ್ ಬಳಿ ಬಾಗಿ ಬಾಗಿ ತುಂಡಾಗುತ್ತವೆ. ದೋಣಿಗಳಿಗೆ ಬಳಸುವ, ತವರ ಲೇಪಿಸಿದ ಸಣ್ಣ ಎಳೆಗಳ ವೈರ್ ದುಬಾರಿಯಾದರೂ ತಂದೆ. ಲೇಪನವಿಲ್ಲದ ತಾಮ್ರದೊಳಗೆ ಉಪ್ಪಿನ ಪಸೆ ಎಳೆಯಿಂದ ಎಳೆಗೆ ಹತ್ತಿ ಒಳಗೊಳಗೇ ಹಸಿರುಗಟ್ಟುತ್ತದೆ, ಹೊರಗಿನ ಪ್ಲಾಸ್ಟಿಕ್ ನೋಡಿದರೆ ಏನೂ ತಿಳಿಯುವುದಿಲ್ಲ. ಬಾಗಿಲಿನಿಂದ ಕಂಬಕ್ಕೆ ದಾಟುವಲ್ಲಿ ರಬ್ಬರ್ ಕೊಳವೆ, ಕಂಬದ ಕಡೆಗಿಂತ ಬಾಗಿಲ ಕಡೆ ತಗ್ಗಿನಲ್ಲಿ. ನೀರು ಇಳಿದರೂ ಬಾಗಿಲಿನ ತಳದ ತೂತಿನಿಂದ ಹೊರಗೆ ಹೋಗಲಿ, ಕಾರಿನೊಳಗೆ ಬರುವುದು ಬೇಡ. ಬ್ಯಾಟರಿಯಿಂದ ಗೇಣುದ್ದದೊಳಗೆ 30 ಆಂಪಿಯರ್ ಫ್ಯೂಸ್. ಫ್ಯೂಸ್ ಇರುವುದು ವೈರನ್ನು ಕಾಯಲು, ಸೊಲೆನಾಯ್ಡನ್ನಲ್ಲ. ಅದನ್ನು ಬಾಗಿಲ ಬಳಿ ಹಾಕಿದರೆ ನಡುವಿನ ವೈರಿಗೆ ದಿಕ್ಕಿಲ್ಲ.

ರಿಲೇ ಮತ್ತು ಒಂದು ಕೆಪಾಸಿಟರ್

ರಿಮೋಟ್‌ನ ರಿಸೀವರ್ ಕೊಡುವ ಸಂಕೇತ ಸಣ್ಣದು, ಆದ್ದರಿಂದ ಒಂದೊಂದು ಬಾಗಿಲಿಗೆ ಒಂದೊಂದು 40 ಆಂಪಿಯರ್ ರಿಲೇ, ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್ಚು. ಐದು ಕಾಲಿನ ಕಾರು ರಿಲೇಗಳ ಸಂಖ್ಯೆಗಳು ಎಲ್ಲೆಡೆ ಒಂದೇ: 85, 86 ಸುರುಳಿಗೆ, 30ಕ್ಕೆ ಬ್ಯಾಟರಿ, 87ರಿಂದ ಸೊಲೆನಾಯ್ಡ್, 87ಎ ಎಂಬುದು ರಿಲೇ ಸುಮ್ಮನಿದ್ದಾಗ 30ಕ್ಕೆ ಕೂಡಿಕೊಂಡಿರುವ ಕಾಲು. ಸುರುಳಿಯ ಕರೆಂಟ್ ತಟ್ಟನೆ ನಿಂತಾಗ ಹುಟ್ಟುವ ಉಲ್ಟಾ ವೋಲ್ಟೇಜ್ ರಿಸೀವರನ್ನು ಸುಡದಂತೆ ರಿಲೇ ಸುರುಳಿಗೆ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಸೊಲೆನಾಯ್ಡ್‌ಗೆ ದಪ್ಪದ 6ಎ10. ಬೆಳ್ಳಿಗೆರೆ ಇರುವ ತುದಿ ಪಾಸಿಟಿವ್ ಕಡೆಗೆ.

ಎಲ್ಲರೂ ಕಡೆಗಣಿಸುವ ಅಪಾಯವೆಂದರೆ ಸಮಯ. 24 ಆಂಪಿಯರ್ ಎಂದರೆ 280 ವ್ಯಾಟ್‌ಗೂ ಹೆಚ್ಚು ಶಾಖ, ಒಂದು ಮುಷ್ಟಿಗಾತ್ರದ ಸುರುಳಿಯೊಳಗೆ. ಅರ್ಧ ಸೆಕೆಂಡಿಗೆ ಏನೂ ಆಗುವುದಿಲ್ಲ. ರಿಮೋಟ್ ಪ್ಯಾಂಟಿನ ಜೇಬಿನಲ್ಲಿ ಕೀಲಿಗೊಂಚಲಿನ ಕೆಳಗೆ ಅದುಮಿಕೊಂಡೇ ಇದ್ದರೆ? ರಿಸೀವರ್‌ನ ಸಂಪರ್ಕ ಅಂಟಿಕೊಂಡರೆ? ಸುರುಳಿ ಸುಡುತ್ತದೆ, ಮತ್ತು ಅದು ಇರುವುದು ಬೆಂಕಿ ಹಿಡಿಯುವ ರೆಸಿನ್ನಿನ ಬಾಗಿಲಲ್ಲಿ. ರಿಸೀವರ್‌ನಲ್ಲಿ ‘ಒತ್ತಿದಷ್ಟು ಹೊತ್ತು’ ಎಂಬ ಆಯ್ಕೆ ಇದೆ. ಅದನ್ನೇ ನಂಬುವ ಮನಸ್ಸಾಗಲಿಲ್ಲ.

ಉಪಾಯ ಸರಳ. ರಿಸೀವರ್‌ಗೂ ರಿಲೇ ಸುರುಳಿಗೂ ನಡುವೆ ಸರಣಿಯಲ್ಲಿ 4700 ಮೈಕ್ರೋಫ್ಯಾರಡ್, 25 ವೋಲ್ಟ್, 105 ಡಿಗ್ರಿ ತಾಳುವ ಕೆಪಾಸಿಟರ್, ಎಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ. ಬಟನ್ ಒತ್ತಿದ ಕ್ಷಣ ಅದು ಖಾಲಿ ಇರುತ್ತದೆ, ರಿಲೇಗೆ ಪೂರ್ತಿ 12 ವೋಲ್ಟ್ ಸಿಕ್ಕಿ ಟಕ್ಕೆಂದು ಕೂಡುತ್ತದೆ. ಕೆಪಾಸಿಟರ್ ತುಂಬುತ್ತಾ ಹೋದಂತೆ ರಿಲೇಯ ಪಾಲಿನ ವೋಲ್ಟೇಜ್ ಇಳಿಯುತ್ತದೆ. ಸುರುಳಿಯ ರೋಧ 80 ಓಮ್ ಆದ್ದರಿಂದ ಸುಮಾರು ಅರ್ಧ ಸೆಕೆಂಡ್ ದಾಟುವ ಹೊತ್ತಿಗೆ ರಿಲೇ ತಾನಾಗಿಯೇ ಬಿಡುತ್ತದೆ. ಆಮೇಲೆ ಬಟನ್ ಒತ್ತಿಕೊಂಡೇ ಕುಳಿತರೂ ಏನೂ ಇಲ್ಲ. ಕೆಪಾಸಿಟರ್ ಮತ್ತೆ ಖಾಲಿಯಾಗಲು ಅದರ ಎರಡು ಕಾಲುಗಳ ನಡುವೆ ಒಂದು ಕಿಲೋಓಮ್ ರೆಸಿಸ್ಟರ್. ಇದಕ್ಕಿಂತ ಕಡಿಮೆ ರೋಧದ ರೆಸಿಸ್ಟರ್, ಉದಾಹರಣೆಗೆ 470 ಓಮ್ ಹಾಕಿದರೆ ಅದರ ಮೂಲಕವೇ ಹರಿಯುವ ಕರೆಂಟ್ ರಿಲೇಯನ್ನು ಹಿಡಿದಿಡುವ ಸಾಧ್ಯತೆ ಇದೆ. ಒಮ್ಮೆ ಒತ್ತಿ ಹಿಡಿದರೆ ಮತ್ತೆ ಒತ್ತಲು ನಾಲ್ಕೈದು ಸೆಕೆಂಡ್ ಕಾಯಬೇಕು. ಸೊಲೆನಾಯ್ಡ್ ತಣಿಯಲು ಅಷ್ಟು ವಿರಾಮ ಒಳ್ಳೆಯದೇ.

ಮೂರನೆಯ ರಿಲೇ ಇಗ್ನಿಷನ್‌ಗೆ. ಕಾರು ಚಾಲೂ ಇರುವಾಗ ಆ ರಿಲೇ ಕೂಡಿಕೊಂಡು 87ಎ ಕಾಲು ತೆರೆದುಕೊಳ್ಳುತ್ತದೆ, ರಿಸೀವರ್‌ನಿಂದ ಬಾಗಿಲಿನ ರಿಲೇಗಳಿಗೆ ಹೋಗುವ ದಾರಿ ಕಡಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕೂಳೂರು ಸೇತುವೆ ದಾಟುವಾಗ ಜೇಬಿನ ರಿಮೋಟ್ ಒತ್ತಿಹೋದರೂ ಬಾಗಿಲು ಅಲ್ಲಾಡಬಾರದು. ಗುಂಡಿ ಹತ್ತಿ ಇಳಿದರೆ ಸಾಕು, ಜೇಬಿನಲ್ಲಿರುವುದೆಲ್ಲ ಒತ್ತಿಹೋಗುವ ರಸ್ತೆ ಅದು.

ಎರಡು ಬಾಗಿಲಿಗೆ ಎರಡು ಬೇರೆ ಬಟನ್. ಒಟ್ಟಿಗೆ ತೆರೆದರೆ ನೋಡಲು ಚಂದ, ಆದರೆ ಸುಮಾರು 50 ಆಂಪಿಯರ್ ಒಮ್ಮೆಲೇ ಎಳೆದು ಎರಡಕ್ಕೂ ಬಲ ಸಾಲದಂತೆ ಮಾಡುವುದರಲ್ಲಿ ಅರ್ಥವಿಲ್ಲ.

ಯಾರ ರಿಮೋಟ್‌ಗೆ ಯಾರ ಬಾಗಿಲು?

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ನಾಲ್ಕು ಬಟನ್‌ನ ರಿಮೋಟ್‌ಗಳಲ್ಲಿ ಬಹಳಷ್ಟು ಇವಿ1527 ಜಾತಿಯ ಚಿಪ್ಪಿನವು. ಪ್ರತಿ ರಿಮೋಟ್‌ಗೆ 20 ಬಿಟ್‌ನ ಒಂದು ಗುರುತು. ಎಂದರೆ ಹತ್ತು ಲಕ್ಷಕ್ಕೂ ಹೆಚ್ಚು ಬಗೆ. ಕೇಳಲು ದೊಡ್ಡದು. ಆದರೆ ಒತ್ತಿದಾಗಲೆಲ್ಲ ಅದೇ ಗುರುತು ಹೋಗುತ್ತದೆ. ಅಪಾರ್ಟ್‌ಮೆಂಟಿನ ಗೇಟಿಗೆ ನಕಲಿ ರಿಮೋಟ್ ಮಾಡಿಕೊಳ್ಳುವ ಅದೇ ಸಾಧನದಿಂದ ಇದನ್ನೂ ನಕಲು ಮಾಡಬಹುದು. ಗೇಟು ತೆರೆದರೆ ಒಳಗೆ ಕಾವಲುಗಾರನಾದರೂ ಇರುತ್ತಾನೆ. ಕಾರಿಗೆ ಪ್ರತಿ ಬಾರಿ ಕೋಡ್ ಬದಲಾಗುವ ಬಗೆಯೇ ಬೇಕು. ಎಚ್‌ಸಿಎಸ್301 ಚಿಪ್ಪಿನ ರಿಮೋಟ್ ತೆಗೆದುಕೊಂಡೆ. ಮನೆಯಲ್ಲಿ ಮಕ್ಕಳು ರಿಮೋಟನ್ನು ಹಿಡಿದು ಆಟವಾಡುತ್ತಾ ಹಲವು ಸಲ ಒತ್ತಿದರೆ ರಿಸೀವರ್‌ನ ಎಣಿಕೆಗೂ ರಿಮೋಟ್‌ನ ಎಣಿಕೆಗೂ ತಾಳ ತಪ್ಪುತ್ತದೆ. ಆಗ ಕಾರಿನ ಬಳಿ ಬೆನ್ನು ಬೆನ್ನಿಗೆ ಎರಡು ಸಲ ಒತ್ತಿದರೆ ಮತ್ತೆ ಹೊಂದಿಕೊಳ್ಳುತ್ತದೆ.

ತರಂಗಗಳ ಆವರ್ತನವೂ (ಫ್ರೀಕ್ವೆನ್ಸಿ) ಮುಖ್ಯ. ಅಮೆರಿಕದ ಕಿಟ್‌ಗಳಲ್ಲಿ 315 ಮೆಗಾಹರ್ಟ್ಸ್ ಸಾಮಾನ್ಯ. ನಮ್ಮಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿಯಿಲ್ಲದೆ ಬಿಟ್ಟಿರುವ ಬ್ಯಾಂಡ್‌ಗಳಲ್ಲಿ 433–434 ಮೆಗಾಹರ್ಟ್ಸ್ ಒಂದು. ಹಾಗಾಗಿ ನಾನು ತರಿಸಿದ ಕಿಟ್‌ನಿಂದ ಸೊಲೆನಾಯ್ಡ್ ಮತ್ತು ತಳ್ಳುಗೂಟ ಮಾತ್ರ ಇಟ್ಟುಕೊಂಡು 433.92ರ ರಿಸೀವರನ್ನು ಬೇರೆಯೇ ತಂದೆ. ಆಂಟೆನಾ 17.3 ಸೆಂಟಿಮೀಟರ್ ಉದ್ದದ ಒಂದು ವೈರ್, ಡ್ಯಾಶ್‌ಬೋರ್ಡಿನ ಒಳಗೆ ನೆಟ್ಟಗೆ. ಅರ್ತ್ ವಿಷಯದಲ್ಲಿ ಸತಾಯಿಸಿದ ಫೈಬರ್ ಇಲ್ಲಿ ಋಣ ತೀರಿಸಿತು: ಉಕ್ಕಿನ ಮೈಯಂತೆ ತರಂಗಕ್ಕೆ ಅಡ್ಡ ನಿಲ್ಲುವುದಿಲ್ಲ, ಅಂಗಳದ ಗೇಟಿನಿಂದಲೇ ಬಾಗಿಲು ತೆರೆಯುತ್ತದೆ.

ಬ್ಯಾಟರಿ ಸತ್ತಾಗ

ರಿಸೀವರ್ ಸದಾ ಎಚ್ಚರವಾಗಿರಬೇಕು. ಮೀಟರ್ ಹಿಡಿದು ನೋಡಿದರೆ 6 ಮಿಲಿಆಂಪಿಯರ್. ದಿನ ಬಳಸುವ ಕಾರಿಗೆ ಅದು ಗಣನೆಗೇ ಬಾರದ್ದು. ನನ್ನ ಕಾರು ಮಳೆಗಾಲದಲ್ಲಿ ಶೆಡ್ಡಿನಿಂದ ಹೊರಗೆ ಬರುವುದು ಅಪರೂಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ 17 ಆಂಪಿಯರ್-ಗಂಟೆ, ಎಂದರೆ 35ರ ಬ್ಯಾಟರಿಯ ಅರ್ಧ. ಬ್ಯಾಟರಿ ತಾನಾಗಿ ಕಳೆದುಕೊಳ್ಳುವುದು ಇದರ ಮೇಲೆ. 24 ಆಂಪಿಯರ್ ಎಳೆಯುವ ಸೊಲೆನಾಯ್ಡ್ ಅಂಥ ಬ್ಯಾಟರಿಯ ಮುಂದೆ ಬರೀ ಗೊರಗುಟ್ಟುತ್ತದೆ.

ಅದಕ್ಕೇ ಎಡಬಾಗಿಲಿನ ಕೀಲಿಯನ್ನು ಮುಟ್ಟದೆ ಬಿಟ್ಟದ್ದು. ಅದೂ ಕೈಕೊಟ್ಟರೆ ಎಂಬ ಯೋಚನೆಯಿಂದ, ಹೊರಗಿನಿಂದ ಕೈಗೆ ಸಿಗುವ ಆದರೆ ಕಣ್ಣಿಗೆ ಕಾಣದ ಒಂದು ಜಾಗದಲ್ಲಿ ಎರಡು ಸ್ಟೇನ್‌ಲೆಸ್ ಬೋಲ್ಟ್‌ಗಳನ್ನು ರಬ್ಬರ್ ಟೋಪಿ ಹಾಕಿ ಕೂರಿಸಿದ್ದೇನೆ. ಅವು ಫ್ಯೂಸ್ ಮೂಲಕ ಬ್ಯಾಟರಿಗೆ ಸೇರುತ್ತವೆ. ಮನೆಯ ಯುಪಿಎಸ್‌ನ 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿ ತಂದು ಮುಟ್ಟಿಸಿ, ರಿಮೋಟ್ ಒತ್ತಿದರೆ ಬಾಗಿಲು ತೆರೆಯುತ್ತದೆ. ಕೆಲವರು ಆ ಬೋಲ್ಟ್‌ಗಳನ್ನು ನೇರವಾಗಿ ಸೊಲೆನಾಯ್ಡ್‌ಗೇ ಕಟ್ಟುತ್ತಾರೆ. ಹಾಗೆ ಮಾಡಿದರೆ ಬ್ಯಾಟರಿ ಹಿಡಿದು ಬಂದ ಯಾರಿಗೂ ಬಾಗಿಲು ತೆರೆಯುತ್ತದೆ. ನನ್ನದರಲ್ಲಿ ಹೊರಗಿನಿಂದ ಕೊಡಬಹುದಾದದ್ದು ಕರೆಂಟ್ ಮಾತ್ರ, ಅಪ್ಪಣೆ ರಿಮೋಟ್‌ನದ್ದೇ.

ಮೊದಲ ಮಳೆಯ ನಂತರ ಬಾಗಿಲಿನ ಒಳಹೊದಿಕೆ ಬಿಚ್ಚಿ ನೋಡಿದೆ. ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆಯ ಊರಿನಲ್ಲಿ ಗಾಜಿನ ಸಂದಿಯಿಂದ ಬಾಗಿಲೊಳಗೆ ನೀರು ಇಳಿಯುವುದನ್ನು ತಡೆಯಲಾಗದು, ಅದನ್ನು ಹೊರಗೆ ಬಿಡುವುದಷ್ಟೇ ನಮ್ಮ ಕೈಯಲ್ಲಿದೆ. ತಳದ ತೂತುಗಳನ್ನು ಕಡ್ಡಿಯಿಂದ ಕೆದಕಿ ಸ್ವಚ್ಛ ಮಾಡಿದೆ. ವೈರಿನ ತುದಿಗೆ ಹಾಕಿದ ಲೋಹದ ಲಗ್‌ಗಳು ಅಂಟು ಒಳಪದರದ ಸ್ಲೀವ್‌ನಲ್ಲಿ ಒಣಗಿಯೇ ಇದ್ದವು. ಸೊಲೆನಾಯ್ಡ್‌ನ ದಂಡದ ಮೇಲೆ ಮಾತ್ರ ಕಂದು ಬಣ್ಣದ ತೆಳುಪದರ. ಅಲ್ಲಿಗೆ ಗ್ರೀಸ್ ಹಚ್ಚಿದರೆ ಧೂಳು ಕೂತು ದಂಡ ಬಿಗಿಯುತ್ತದೆ. ಸಿಲಿಕೋನ್ ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಒರೆಸಿದೆ. ಇದನ್ನು ಮಳೆಗಾಲದ ಮೊದಲು ಮತ್ತು ನಂತರ ಮಾಡಬೇಕಾಗುತ್ತದೆ.

ಎಡಬಾಗಿಲಿನ ತಳ್ಳುಗೂಟ ಇನ್ನೂ ಸ್ವಲ್ಪ ಜೋರು. ಬಾಗಿಲು ಮುಚ್ಚುವಾಗ ಎದುರು ನಿಲ್ಲುತ್ತದೆ, ಪಕ್ಕದ ಸೀಟಿನಲ್ಲಿ ಕೂರುವ ಹೆಂಡತಿಯ ದೂರು ನ್ಯಾಯವಾದದ್ದೇ. ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸಬೇಕು. ರಿಮೋಟ್‌ನ ಮೂರನೆಯ ಬಟನ್ ಖಾಲಿ ಇದೆ, ಡಿಕ್ಕಿಗೂ ಒಂದು ಸೊಲೆನಾಯ್ಡ್ ಹಾಕಿ ಎಂದು ನೋಡಿದವರೆಲ್ಲ ಹೇಳುತ್ತಾರೆ. ಡಿಕ್ಕಿಯ ಕೀಲಿ ಸರಿಯಾಗಿ ತಿರುಗುತ್ತಿರುವವರೆಗೆ ಅದರ ಗೊಡವೆಗೆ ಹೋಗುವುದಿಲ್ಲ.